ಡಿಸ್ಟ್ರಿಬ್ಯೂಟರ್ ಟೈಮಿಂಗ್: ಹಳೆಯ ಕಾರುಗಳಲ್ಲಿ ಕಿಡಿಯ ಹೊತ್ತು ಹಿಡಿಯುವ ಕೆಲಸ

ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರಿ ತುತ್ತತುದಿ ಮುಟ್ಟುವ ತುಸು ಮೊದಲೇ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಹಾಗೆ ಹಾರುವಂತೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಬಿಗಿಯುವ ಕೆಲಸಕ್ಕೆ ಗ್ಯಾರೇಜುಗಳಲ್ಲಿ ಟೈಮಿಂಗ್ ಇಡುವುದು ಎನ್ನುತ್ತಾರೆ. ಕಿಡಿ ಎಷ್ಟು ಮುಂಚೆ ಹಾರಿತು ಎಂಬುದನ್ನು ಕ್ರ್ಯಾಂಕ್ ತಿರುಗುವ ಡಿಗ್ರಿಗಳಲ್ಲಿ ಲೆಕ್ಕ ಹಾಕುತ್ತಾರೆ. ಮುಂಚೆ ಹಾರಿದರೆ ಅಡ್ವಾನ್ಸ್, ತಡವಾದರೆ ರಿಟಾರ್ಡ್. ಈಗಿನ ಕಾರುಗಳಲ್ಲಿ ಈ ಲೆಕ್ಕ ಕಂಪ್ಯೂಟರಿನ ಪಾಲಿಗೆ ಹೋಗಿದೆ. ಅಂಬಾಸಿಡರ್, ಫಿಯೆಟ್, ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಜೀಪುಗಳ ಕಾಲದಲ್ಲಿ ಅದು ಮೆಕ್ಯಾನಿಕ್‌ನ ಕೈ, ಕಣ್ಣು, ಕಿವಿಗಳ ಕೆಲಸವಾಗಿತ್ತು. ಆ ಗಾಡಿಗಳನ್ನು ಇಂದಿಗೂ ಓಡಿಸುವವರಿಗೆ ಹಾಗೆಯೇ ಉಳಿದಿದೆ.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ರಸ್ತೆಗಳನ್ನು ಬಲ್ಲವರಿಗೆ ಇಲ್ಲಿ ಈ ಕೆಲಸ ಏಕೆ ಸೂಕ್ಷ್ಮವೆಂದು ಬಿಡಿಸಿ ಹೇಳಬೇಕಿಲ್ಲ. ಬಂಟ್ವಾಳ ನೇತ್ರಾವತಿಯ ದಡದ ತಗ್ಗಿನಲ್ಲಿದೆ. ಅಲ್ಲಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ದಾಟಿದ ರಸ್ತೆ ಕೊನೆಗೆ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಸೇರುತ್ತದೆ. ಮೂಡುಬಿದಿರೆಯಿಂದ ಸಿದ್ದಕಟ್ಟೆಯ ಮೇಲೆ ಬಂಟ್ವಾಳಕ್ಕೋ, ವೇಣೂರಿನ ಮೇಲೆ ಗುರುವಾಯನಕೆರೆಗೋ ಹೊರಟರೆ ದಾರಿಯುದ್ದಕ್ಕೂ ಏರು, ಇಳಿವು, ತಿರುವು. ಸಮತಟ್ಟು ರಸ್ತೆಯಲ್ಲಿ ಎರಡು ಡಿಗ್ರಿ ತಪ್ಪಿದ ಟೈಮಿಂಗ್ ಯಾರಿಗೂ ತಿಳಿಯದೆ ಹೋಗಬಹುದು. ಐದು ಜನ, ಡಿಕ್ಕಿ ತುಂಬ ಸಾಮಾನು ಹೊತ್ತು ಚಾರ್ಮಾಡಿಯ ತಿರುವಿನಲ್ಲಿ ಎರಡನೇ ಗೇರಿಗೆ ಇಳಿದ ಅಂಬಾಸಿಡರ್ ಆ ತಪ್ಪನ್ನು ಬಾನೆಟ್ಟಿನೊಳಗಿಂದ ಬಡಿದು ಹೇಳುತ್ತದೆ. ಇದರ ಮೇಲೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಡಿಸ್ಟ್ರಿಬ್ಯೂಟರಿಗೆ ತೇವ ಆಗಿಬರುವುದಿಲ್ಲ.

ಕಿಡಿ ಮೊದಲೇ ಏಕೆ

ಕಿಡಿ ಹಾರಿದೊಡನೆ ಸಿಲಿಂಡರಿನಲ್ಲಿರುವ ಪೆಟ್ರೋಲು-ಗಾಳಿಯ ಮಿಶ್ರಣವೆಲ್ಲ ಒಂದೇ ಸಲಕ್ಕೆ ಸಿಡಿಯುವುದಿಲ್ಲ. ಒಣಹುಲ್ಲಿನ ಗುಡ್ಡಕ್ಕೆ ಒಂದು ಮೂಲೆಯಲ್ಲಿ ಬೆಂಕಿ ತಗಲಿದಂತೆ, ಪ್ಲಗ್ಗಿನ ಬುಡದಿಂದ ಹೊರಟ ಉರಿ ಆಚೆಯ ಗೋಡೆಯವರೆಗೆ ಹರಡಬೇಕು. ಇದಕ್ಕೆ ಹಿಡಿಯುವ ಕಾಲ ಒಂದೆರಡು ಮಿಲಿಸೆಕೆಂಡಿನ ಲೆಕ್ಕದಲ್ಲಿದೆ. ಪಿಸ್ಟನ್ ತುದಿ ದಾಟಿ, ಕ್ರ್ಯಾಂಕ್ ಇನ್ನೊಂದು 10–15 ಡಿಗ್ರಿ ತಿರುಗುವ ಹೊತ್ತಿಗೆ ಒತ್ತಡ ತನ್ನ ಶಿಖರದಲ್ಲಿದ್ದರೆ ಎಳೆತ ಚೆನ್ನಾಗಿ ಸಿಗುತ್ತದೆ.

ಕ್ರ್ಯಾಂಕ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಒಂದು ಮಿಲಿಸೆಕೆಂಡಿನಲ್ಲಿ 4.8 ಡಿಗ್ರಿ ಸಾಗುತ್ತದೆ. 3000 ಸುತ್ತಿನಲ್ಲಿ ಅದೇ ಮಿಲಿಸೆಕೆಂಡಿಗೆ 18 ಡಿಗ್ರಿ. ಉರಿಗೆ ಬೇಕಾದ ಹೊತ್ತು ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಹಾಗಾಗಿ ಎಂಜಿನ್ ವೇಗ ಹಿಡಿದಂತೆ ಕಿಡಿಯೂ ಹೆಚ್ಚೆಚ್ಚು ಮುಂಚೆ ಹಾರಬೇಕು. ಐಡ್ಲಿಂಗಿನಲ್ಲಿ 5–10 ಡಿಗ್ರಿ ಸಾಕಾಗುವ ಎಂಜಿನ್ನಿಗೆ ಓಟದಲ್ಲಿ 30 ಡಿಗ್ರಿಯ ಆಸುಪಾಸು ಬೇಕಾಗುತ್ತದೆ. ಡಿಸ್ಟ್ರಿಬ್ಯೂಟರಿನ ಹೊಟ್ಟೆಯೊಳಗಿನ ಏರ್ಪಾಡೆಲ್ಲ ಈ ಒಂದು ಅಗತ್ಯಕ್ಕಾಗಿ ಹುಟ್ಟಿದ್ದು.

ಮೋಟಾರಿನ ಮೊದಲ ದಶಕಗಳಲ್ಲಿ ಇದು ಚಾಲಕನ ತಲೆನೋವಾಗಿತ್ತು. ಫೋರ್ಡ್ ಮಾಡೆಲ್ ಟಿ ಕಾರಿನ ಸ್ಟೀರಿಂಗ್ ಕೆಳಗೆ ಎರಡು ಕಡ್ಡಿಗಳಿದ್ದವು. ಬಲಗಡೆಯದು ಪೆಟ್ರೋಲಿಗೆ, ಎಡಗಡೆಯದು ಕಿಡಿಗೆ. ಎಂಜಿನ್ ಚಾಲೂ ಮಾಡಲು ಹ್ಯಾಂಡಲ್ ಹೊಡೆಯುವ ಮೊದಲು ಕಿಡಿಯ ಕಡ್ಡಿಯನ್ನು ಮೇಲಕ್ಕೆ ತಳ್ಳಿ ರಿಟಾರ್ಡ್ ಮಾಡಬೇಕು, ಓಟ ಹಿಡಿದ ಮೇಲೆ ಕೆಳಕ್ಕೆ ಎಳೆದು ಅಡ್ವಾನ್ಸ್ ಕೊಡಬೇಕು. ಮರೆತು ಹ್ಯಾಂಡಲ್ ಹೊಡೆದರೆ ಎಂಜಿನ್ ತಿರುಗಿ ಒದೆಯುತ್ತಿತ್ತು, ಮಣಿಕಟ್ಟು ಮುರಿಯುತ್ತಿತ್ತು. ಬ್ಯಾಟರಿ, ಕಾಯಿಲ್, ಪಾಯಿಂಟ್, ಡಿಸ್ಟ್ರಿಬ್ಯೂಟರ್ ಸೇರಿದ ಏರ್ಪಾಡನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದರು. ಅದು 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಮುಂದೆ ಅಡ್ವಾನ್ಸ್ ಕೊಡುವ ಕೆಲಸವೂ ಡಿಸ್ಟ್ರಿಬ್ಯೂಟರಿನೊಳಗೇ ಸೇರಿಕೊಂಡು ಸ್ಟೀರಿಂಗ್ ಕೆಳಗಿನ ಕಡ್ಡಿ ಮಾಯವಾಯಿತು.

ಒಳಗಿನ ಅಂಗಗಳು

ಮುಚ್ಚಳ ತೆಗೆದರೆ ಮೊದಲು ಕಾಣುವುದು ರೋಟರ್. ಅದನ್ನು ಮೇಲಕ್ಕೆ ಎಳೆದು ತೆಗೆದರೆ ಕೆಳಗೆ ನಾಲ್ಕು ಮೂಲೆಯ ಕ್ಯಾಮ್, ಅದಕ್ಕೆ ಒರಗಿದ ಪಾಯಿಂಟ್, ಪಕ್ಕದಲ್ಲಿ ಬೆರಳಿನ ಗಾತ್ರದ ಕಂಡೆನ್ಸರ್. ಪಾಯಿಂಟ್ ಮುಚ್ಚಿರುವಾಗ ಕಾಯಿಲ್‌ನಲ್ಲಿ 12 ವೋಲ್ಟಿನ ಕರೆಂಟ್ ಹರಿಯುತ್ತದೆ. ಕ್ಯಾಮ್‌ನ ಮೂಲೆ ತಾಗಿ ಪಾಯಿಂಟ್ ತೆರೆದ ಕ್ಷಣದಲ್ಲಿ ಆ ಹರಿವು ಕಡಿದು, ಕಾಯಿಲ್‌ನ ಎರಡನೇ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಚಿಮ್ಮುತ್ತದೆ. ರೋಟರ್ ಅದನ್ನು ಸರದಿಯಲ್ಲಿರುವ ಪ್ಲಗ್ಗಿಗೆ ಒಪ್ಪಿಸುತ್ತದೆ. ಪಾಯಿಂಟ್ ತೆರೆಯುವ ಕ್ಷಣವೇ ಕಿಡಿಯ ಕ್ಷಣ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಟೈಮಿಂಗಿನ ಕೆಲಸವೆಲ್ಲ ಅರ್ಥವಾಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 3000 ಸುತ್ತಿನಲ್ಲಿ ಓಡುವಾಗ ಈ ಪುಟ್ಟ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತದೆ.

ಬಹುಕಾಲ ಓಡಿದ ಪಾಯಿಂಟನ್ನು ಹಗಲು ಬೆಳಕಿಗೆ ಹಿಡಿದು ನೋಡಬೇಕು. ಒಂದು ಮುಖದಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಗುಳಿ, ಎದುರು ಮುಖದಲ್ಲಿ ಅದಕ್ಕೆ ಸರಿಹೊಂದುವ ಮೊಟ್ಟು. ಲೋಹ ಒಂದು ಕಡೆಯಿಂದ ಕರಗಿ ಇನ್ನೊಂದು ಕಡೆಗೆ ಹೋಗಿ ಕೂತಿರುತ್ತದೆ. ಇಂಥ ಪಾಯಿಂಟಿನ ನಡುವೆ ಫೀಲರ್ ಗೇಜಿನ ಎಲೆ ತೂರಿಸಿದರೆ ಅದು ಮೊಟ್ಟಿನ ತಲೆಯನ್ನಷ್ಟೇ ಸವರಿ ಹೋಗುತ್ತದೆ, ಒಳಗಿನ ಗುಳಿಯ ಆಳ ಅದಕ್ಕೆ ಸಿಗುವುದಿಲ್ಲ. ಗೇಜು 0.40 ಮಿಲಿಮೀಟರ್ ಎಂದರೂ ನಿಜವಾದ ಅಂತರ ಅದಕ್ಕಿಂತ ಹೆಚ್ಚಿರುತ್ತದೆ. ಮೊದಲು ಸಣ್ಣ ಅರದಿಂದ ಮೊಟ್ಟು ತೆಗೆಯಬೇಕು, ಇಲ್ಲವೇ ಹೊಸ ಪಾಯಿಂಟ್ ಹಾಕಬೇಕು.

ಕ್ಯಾಮ್ ಕೆಳಗಿನ ತಟ್ಟೆಯ ಅಡಿಯಲ್ಲಿ ಎರಡು ತೂಕದ ತುಂಡುಗಳೂ ಎರಡು ಸ್ಪ್ರಿಂಗ್‌ಗಳೂ ಇರುತ್ತವೆ. ವೇಗ ಹೆಚ್ಚಿದಂತೆ ತೂಕಗಳು ಹೊರಕ್ಕೆ ಬೀಸಿ ಕ್ಯಾಮನ್ನು ಅದು ತಿರುಗುವ ದಿಕ್ಕಿಗೇ ಇನ್ನಷ್ಟು ಮುಂದೂಡುತ್ತವೆ. ಪಾಯಿಂಟ್ ಬೇಗ ತೆರೆಯುತ್ತದೆ. ಡಿಸ್ಟ್ರಿಬ್ಯೂಟರಿನ ಪಕ್ಕಕ್ಕೆ ಅಂಟಿಕೊಂಡ ತಗಡಿನ ಡಬ್ಬಿ ವ್ಯಾಕ್ಯೂಮ್ ಅಡ್ವಾನ್ಸ್. ಕಾರ್ಬ್ಯುರೇಟರಿನಿಂದ ಬಂದ ಸಣ್ಣ ಕೊಳವೆ ಅದರೊಳಗಿನ ಪೊರೆಯನ್ನು ಎಳೆಯುತ್ತದೆ. ಹಗುರ ಕಾಲಿನಲ್ಲಿ ಸಮ ರಸ್ತೆಯಲ್ಲಿ ಸಾಗುವಾಗ ಮಿಶ್ರಣ ತೆಳು, ಉರಿ ನಿಧಾನ. ಆಗ ಅದು ಹೆಚ್ಚುವರಿ ಅಡ್ವಾನ್ಸ್ ಕೊಡುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಎಳೆತ ಬಿದ್ದುಹೋಗಿ ಕೊಟ್ಟ ಅಡ್ವಾನ್ಸ್ ವಾಪಸಾಗುತ್ತದೆ. ಘಾಟಿಯ ರಸ್ತೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಬೇಕಿಲ್ಲ.

ದುರದೃಷ್ಟವೆಂದರೆ ಕರಾವಳಿಯಲ್ಲಿ ಎಲ್ಲರೂ ಮರೆಯುವುದು ಇವೆರಡನ್ನೇ. ತೇವದಲ್ಲಿ ತೂಕದ ತುಂಡುಗಳು ತುಕ್ಕು ಹಿಡಿದು ತಮ್ಮ ಗೂಟಗಳಿಗೆ ಅಂಟಿಕೊಳ್ಳುತ್ತವೆ, ಪೊರೆ ಒಣಗಿ ತೂತಾಗುತ್ತದೆ. ಐಡ್ಲಿಂಗಿನಲ್ಲಿ ಏನೂ ತಿಳಿಯುವುದಿಲ್ಲ. ಓಟದಲ್ಲಿ ಮಾತ್ರ ಗಾಡಿಗೆ ಉಸಿರಿಲ್ಲ. ಆಗ ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರನ್ನೇ ತಿರುಗಿಸಿ ಐದಾರು ಡಿಗ್ರಿ ಹೆಚ್ಚಿಗೆ ಕೊಟ್ಟು ಕಳಿಸುತ್ತಾನೆ. ಬಂಟ್ವಾಳದ ಬಿ.ಸಿ. ರೋಡಿನಿಂದ ಬೆಳ್ತಂಗಡಿಯವರೆಗೆ ಎಳೆತ ಸುಧಾರಿಸಿದಂತೆಯೇ ತೋರುತ್ತದೆ. ಚಾರ್ಮಾಡಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತ ಪೂರ್ತಿ ಹೊರೆ ಹೊತ್ತಾಗ, ಆ ವೇಗಕ್ಕೆ ಬೇಡವಾದ ಅಡ್ವಾನ್ಸ್ ಹಾಗೆಯೇ ಉಳಿದು ಕಟಕಟ ಶುರುವಾಗುತ್ತದೆ. ಮರುದಿನ ಬೆಳಗ್ಗೆ ಸ್ಟಾರ್ಟರ್ ಮುಗ್ಗರಿಸುತ್ತದೆ. ಸತ್ತ ಸ್ವಯಂ ಅಡ್ವಾನ್ಸನ್ನು ಡಿಸ್ಟ್ರಿಬ್ಯೂಟರಿನ ಮೈ ತಿರುಗಿಸಿ ಸರಿದೂಗಿಸಲು ಆಗದು. ಪರೀಕ್ಷೆಯೂ ಸುಲಭ: ಎಂಜಿನ್ ನಿಂತಿರುವಾಗ ರೋಟರನ್ನು ಅದು ತಿರುಗುವ ದಿಕ್ಕಿಗೆ ಬೆರಳಿನಲ್ಲಿ ತಿರುವಿ ಬಿಟ್ಟರೆ ಸ್ಪ್ರಿಂಗ್ ಎಳೆದು ಅದು ತಾನಾಗಿ ಹಿಂದಕ್ಕೆ ಬರಬೇಕು. ಬಾರದಿದ್ದರೆ ಡಿಸ್ಟ್ರಿಬ್ಯೂಟರ್ ಕಳಚಿ, ತೊಳೆದು, ತೂಕದ ಗೂಟಗಳಿಗೆ ಹನಿ ಎಣ್ಣೆ ಬಿಟ್ಟು ಜೋಡಿಸಬೇಕು. ಡಬ್ಬಿಯ ಕೊಳವೆಯನ್ನು ಬಾಯಲ್ಲಿ ಎಳೆದಾಗ ಪಾಯಿಂಟಿನ ತಟ್ಟೆ ಕದಲಿ, ನಾಲಿಗೆ ಒತ್ತಿ ಹಿಡಿದಷ್ಟು ಹೊತ್ತು ಅಲ್ಲೇ ನಿಂತರೆ ಪೊರೆ ಗಟ್ಟಿಯಿದೆ.

ಟೈಮಿಂಗ್ ಇಡುವ ಕ್ರಮ

ಪಾಯಿಂಟ್ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಈ ಕ್ರಮ ತಪ್ಪಿದರೆ ಮಾಡಿದ್ದೆಲ್ಲ ವ್ಯರ್ಥ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಡಿಮೆಯಾದರೆ ತಡವಾಗಿ. ಅಂದರೆ ಗ್ಯಾಪ್ ಮುಟ್ಟಿದ ಪ್ರತಿಸಲವೂ ಟೈಮಿಂಗ್ ಸರಿಯುತ್ತದೆ. ಅಂಬಾಸಿಡರಿನ ಮೂಲ ಬಿ.ಎಂ.ಸಿ. ಎಂಜಿನ್ನಿನ ಲೂಕಾಸ್ ಡಿಸ್ಟ್ರಿಬ್ಯೂಟರಿನಲ್ಲಿ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಪೆಟ್ರೋಲ್ ಜೀಪಿನ ಹರಿಕೇನ್ ಎಂಜಿನ್ನಿನಲ್ಲಿ 0.50.

ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕಿಡಿಯ ಸರದಿ 1-3-4-2. ರೇಡಿಯೇಟರ್ ಪಕ್ಕದ್ದು ಒಂದನೇ ಸಿಲಿಂಡರ್. ಅದರ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ, ಇನ್ನೊಬ್ಬರಿಗೆ ಹ್ಯಾಂಡಲ್ ಮೆಲ್ಲಗೆ ತಿರುಗಿಸಲು ಹೇಳಬೇಕು. ಗಾಳಿ ಬೆರಳನ್ನು ತಳ್ಳಿದರೆ ಪಿಸ್ಟನ್ ಕಂಪ್ರೆಷನ್ನಿನಲ್ಲಿ ಮೇಲೇರುತ್ತಿದೆ. ಆಗ ಕೆಳಗೆ ಕ್ರ್ಯಾಂಕ್ ಪುಲ್ಲಿಯ ಮೇಲಿನ ಕಚ್ಚನ್ನು ಹುಡುಕಬೇಕು. ಅದು ಟೈಮಿಂಗ್ ಕವರಿನ ಮೊನೆಗಳ ಎದುರಿಗೆ ಬರುತ್ತದೆ. ಉದ್ದದ ಮೊನೆ ತುತ್ತತುದಿಯದು, ಗಿಡ್ಡವು 5 ಮತ್ತು 10 ಡಿಗ್ರಿಯವು. ಎಣ್ಣೆಮಸಿ ಕಟ್ಟಿದ ಪುಲ್ಲಿಯಲ್ಲಿ ಕಚ್ಚು ಕಾಣದು. ಸೀಮೆಎಣ್ಣೆ ಬಟ್ಟೆಯಿಂದ ಒರಸಿ ಸುಣ್ಣದ ಚುಕ್ಕೆ ಇಟ್ಟುಕೊಂಡರೆ ಮುಂದಕ್ಕೂ ಆಯಿತು. ಕೈಪಿಡಿ ಹೇಳಿದ ಡಿಗ್ರಿಗೆ ಕಚ್ಚನ್ನು ತರುವಾಗ ಎಂಜಿನ್ ತಿರುಗುವ ದಿಕ್ಕಿನಲ್ಲೇ ತರಬೇಕು. ಮೀರಿ ಹೋದರೆ ಕೂದಲೆಳೆಯಷ್ಟು ಹಿಂದಕ್ಕೆ ತಂದು ನಿಲ್ಲಿಸಬಾರದು, ಸಾಕಷ್ಟು ಹಿಂದೆ ಹೋಗಿ ಮತ್ತೆ ಬರಬೇಕು. ಹಳೆಯ ಎಂಜಿನ್ನಿನ ಟೈಮಿಂಗ್ ಚೈನು ಸಡಿಲವಾಗಿರುತ್ತದೆ, ಆ ಸಡಿಲು ಒಂದೇ ಪಕ್ಕಕ್ಕೆ ಎಳೆದುಕೊಂಡಿರಬೇಕು.

ರೋಟರ್ ಒಂದನೇ ವಯರಿನ ಕಡೆಗೆ ಮುಖ ಮಾಡಿದೆಯೇ ನೋಡಿ, ಡಿಸ್ಟ್ರಿಬ್ಯೂಟರಿನ ಕುತ್ತಿಗೆಯ ಕ್ಲ್ಯಾಂಪ್ ಬೋಲ್ಟನ್ನು ಮೈ ತಿರುಗುವಷ್ಟು ಸಡಿಲಿಸಬೇಕು. 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ವಯರು ಸಿಕ್ಕಿಸಿ, ಒಂದನ್ನು ಡಿಸ್ಟ್ರಿಬ್ಯೂಟರಿನ ಪಕ್ಕದ ಟರ್ಮಿನಲ್ಲಿಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಹಿಡಿದು ಕೀ ಆನ್ ಮಾಡಬೇಕು. ಪಾಯಿಂಟ್ ಮುಚ್ಚಿದ್ದರೆ ಬಲ್ಬು ಕತ್ತಲೆ, ತೆರೆದರೆ ಬೆಳಕು. ಈ ಎಂಜಿನ್ನಿನಲ್ಲಿ ರೋಟರ್ ತಿರುಗುವುದು ಗಡಿಯಾರದ ವಿರುದ್ಧ ದಿಕ್ಕಿಗೆ. ಡಿಸ್ಟ್ರಿಬ್ಯೂಟರನ್ನು ಮೊದಲು ಅದೇ ದಿಕ್ಕಿಗೆ ತಿರುಗಿಸಿ ಬಲ್ಬು ಆರಿಸಿ, ಆಮೇಲೆ ಎದುರು ದಿಕ್ಕಿಗೆ ಉಸಿರು ಹಿಡಿದು ತಿರುಗಿಸುತ್ತ ಬರಬೇಕು. ಬಲ್ಬು ಮಿಣುಕಿದಲ್ಲಿ ನಿಲ್ಲಿಸಿ ಬೋಲ್ಟ್ ಬಿಗಿಯಬೇಕು. ಎಂಜಿನ್ನನ್ನು ಪೂರ್ತಿ ಎರಡು ಸುತ್ತು ತಿರುಗಿಸಿ ಮತ್ತೆ ನೋಡದೆ ಬಾನೆಟ್ ಮುಚ್ಚಬಾರದು. ಬಿಗಿಯುವಾಗ ಮೈ ಕದಲುವುದು ಸಾಮಾನ್ಯ. ಕೀ ಆನ್‌ನಲ್ಲೇ ಬಿಟ್ಟು ಹರಟೆಗೆ ನಿಂತರೆ ಕಾಯಿಲ್ ಕಾದು ಕೆಡುತ್ತದೆ.

ಯಾವ ಗಾಡಿಯಾದರೂ ರೋಟರಿನ ಎದುರು ದಿಕ್ಕಿಗೆ ಮೈ ತಿರುಗಿಸಿದರೆ ಅಡ್ವಾನ್ಸ್, ಅದರ ಜೊತೆಗೇ ತಿರುಗಿಸಿದರೆ ರಿಟಾರ್ಡ್. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ ಮೈಯನ್ನು 1 ಡಿಗ್ರಿ ಸರಿಸಿದರೆ ಟೈಮಿಂಗ್ 2 ಡಿಗ್ರಿ ಬದಲಾಗುತ್ತದೆ. ಕೈಯ ಒರಟಿಗೆ ಇಲ್ಲಿ ಜಾಗವಿಲ್ಲ. ಹಳೆಯ ಲೂಕಾಸ್ ಡಿಸ್ಟ್ರಿಬ್ಯೂಟರುಗಳಲ್ಲಿ ಇದಕ್ಕೆಂದೇ ಗೀರುಗೀರಿನ ಸಣ್ಣ ನಟ್ ಇದೆ, ಪಕ್ಕದಲ್ಲಿ ಎ ಮತ್ತು ಆರ್ ಅಕ್ಷರಗಳು. ಅದನ್ನು ತಿರುಗಿಸಿದಾಗ ಟಿಕ್ ಟಿಕ್ ಸದ್ದಾಗುತ್ತದೆ. ಸುಮಾರು 11 ಟಿಕ್ಕಿಗೆ 1 ಡಿಗ್ರಿ. ಜೀಪಿನ ಹರಿಕೇನ್ ಎಂಜಿನ್ನಿಗೂ ಸರದಿ 1-3-4-2, ತುತ್ತತುದಿಗಿಂತ 5 ಡಿಗ್ರಿ ಮೊದಲು ಕಿಡಿ. 1089 ಸಿ.ಸಿ.ಯ ಫಿಯೆಟ್, ಪದ್ಮಿನಿಗಳಿಗೂ ಸರದಿ ಅದೇ.

ಬಲ್ಬು ಇಲ್ಲದ ಕಡೆ ಸಿಗರೇಟಿನ ತೆಳು ಕಾಗದವನ್ನು ಪಾಯಿಂಟಿನ ನಡುವೆ ಕಚ್ಚಿಸಿ ಹಗುರವಾಗಿ ಎಳೆದು ಹಿಡಿಯುವ ಹಳೆಯ ಉಪಾಯವಿದೆ. ಕಾಗದ ಜಾರಿ ಕೈಗೆ ಬಂದರೆ ಪಾಯಿಂಟ್ ತೆರೆಯಿತು. ಕಿಡಿಯ ಜೊತೆಗೇ ಮಿಂಚುವ ಸ್ಟ್ರೋಬ್ ಲೈಟ್ ಇದ್ದರೆ ಎಂಜಿನ್ ಓಡುತ್ತಿರುವಾಗಲೇ ಪುಲ್ಲಿಯ ಚುಕ್ಕೆ ನಿಂತಂತೆ ಕಾಣುತ್ತದೆ. ವ್ಯಾಕ್ಯೂಮ್ ಕೊಳವೆ ಕಳಚಿ ಬಾಯಿ ಮುಚ್ಚಿ ನೋಡುವುದು ಪದ್ಧತಿ. ಆಕ್ಸಿಲರೇಟರ್ ಏರಿಸಿದಾಗ ಚುಕ್ಕೆ ಮೆಲ್ಲಗೆ ಅಡ್ವಾನ್ಸ್ ಕಡೆಗೆ ಸರಿದರೆ ಒಳಗಿನ ತೂಕಗಳು ಜೀವಂತ. ಆ ಬೆಳಕಿನಲ್ಲಿ ಫ್ಯಾನಿನ ರೆಕ್ಕೆಗಳೂ ನಿಂತಂತೆ ಕಾಣುವುದುಂಟು. ಹೆಗಲ ಮೇಲಿನ ಬೈರಾಸು ಮೊದಲೇ ತೆಗೆದಿಟ್ಟು, ಸಡಿಲ ತೋಳು ಮಡಿಸಿಕೊಳ್ಳಬೇಕು.

ಏರಿನಲ್ಲಿ ಪರೀಕ್ಷೆ

ಕೈಪಿಡಿಯ ಅಂಕಿ ಹೊಸ ಎಂಜಿನ್ನಿಗೆ, ಅಂದಿನ ಪೆಟ್ರೋಲಿಗೆ ಬರೆದದ್ದು. ಅಂಬಾಸಿಡರ್ ಹುಟ್ಟಿದ 1950ರ ದಶಕದ ಇಂಧನವೇ ಬೇರೆ, ಈಗಿನದೇ ಬೇರೆ. ಸೀಸ ಬೆರೆಸಿದ ಪೆಟ್ರೋಲು ದೇಶದಲ್ಲಿ 2000ದ ಫೆಬ್ರುವರಿಯಿಂದ ನಿಂತಿತು. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತದ್ದು. ಎಥೆನಾಲ್ ನಾಕಿಂಗನ್ನು, ಅಂದರೆ ಏರಿನಲ್ಲಿ ಕೇಳುವ ಆ ಕಟಕಟವನ್ನು, ತಡೆಯುತ್ತದೆ, ಆದರೆ ಹಳೆಯ ಕಾರ್ಬ್ಯುರೇಟರಿನಲ್ಲಿ ಮಿಶ್ರಣವನ್ನು ತೆಳುಮಾಡುತ್ತದೆ, ನೀರನ್ನೂ ಹೀರುತ್ತದೆ. ಹೀಗಾಗಿ ಪುಸ್ತಕದ ಡಿಗ್ರಿಗೆ ಇಟ್ಟ ಮೇಲೆ ಕೊನೆಯ ತೀರ್ಪನ್ನು ರಸ್ತೆಗೇ ಬಿಡಬೇಕು.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಟಾಪ್ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುತ್ತ, ಸಣ್ಣ ಏರಿನಲ್ಲಿ ಆಕ್ಸಿಲರೇಟರ್ ಒಮ್ಮೆಲೇ ತುಳಿಯಬೇಕು. ಡಬ್ಬಿಯಲ್ಲಿ ನಾಲ್ಕು ಕಾಳು ಅಲುಗಿಸಿದಂಥ ಸಣ್ಣ ಸದ್ದು ಕ್ಷಣ ಕೇಳಿ, ವೇಗ ಹಿಡಿದಂತೆ ಅಡಗಿದರೆ ಸರಿಯಾಗಿದೆ. ಸದ್ದು ಏರಿನುದ್ದಕ್ಕೂ ಜೊತೆಗೇ ಬಂದರೆ ಅಡ್ವಾನ್ಸ್ ಹೆಚ್ಚು. ಹೀಗೇ ಓಡಿಸಿದರೆ ಪಿಸ್ಟನ್ನಿನ ತಲೆ, ಬೇರಿಂಗುಗಳು ಹಾಳಾಗುತ್ತವೆ. ಸದ್ದೇ ಇಲ್ಲದೆ ಗಾಡಿ ಜಡವಾಗಿದ್ದು, ಸೈಲೆನ್ಸರ್ ವಿಪರೀತ ಕಾದು, ಇಳಿವಿನಲ್ಲಿ ಕಾಲು ತೆಗೆದಾಗ ಹಿಂದಿನಿಂದ ಢಬ್ ಎಂದರೆ ರಿಟಾರ್ಡ್. ರೇಡಿಯೇಟರ್ ಕುದಿಯುವುದಕ್ಕೂ ಎಷ್ಟೋ ಸಲ ಇದೇ ಕಾರಣ. ನೀರು, ಪಂಪು, ಥರ್ಮೋಸ್ಟಾಟ್ ಎಲ್ಲ ಬದಲಾಯಿಸಿ ಟೈಮಿಂಗ್ ನೋಡದವರು ಬಹಳ. ಚಾರ್ಮಾಡಿ ಹತ್ತುವ ಗಾಡಿಗೆ ಪರೀಕ್ಷೆಯನ್ನು ಸಮ ರಸ್ತೆಯಲ್ಲಿ ಮುಗಿಸಬಾರದು. ನಾಕಿಂಗ್ ಬರುವುದು ಹೊರೆ ಮತ್ತು ಬಿಸಿ ಎರಡೂ ಸೇರಿದಾಗ. ಖಾಲಿ ಗಾಡಿಯಲ್ಲಿ, ಬೆಳಗಿನ ತಂಪಿನಲ್ಲಿ ಸರಿಯೆನಿಸಿದ್ದು ಮಧ್ಯಾಹ್ನ ತುಂಬಿದ ಗಾಡಿಯಲ್ಲಿ ಸರಿಯಿರಲಾರದು. 1 ಡಿಗ್ರಿ ಕಡಿಮೆ ಇಟ್ಟು ಘಾಟಿ ಹತ್ತುವುದು, 1 ಡಿಗ್ರಿ ಹೆಚ್ಚು ಇಟ್ಟು ಹತ್ತುವುದಕ್ಕಿಂತ ಎಷ್ಟೋ ಮೇಲು.

ಹ್ಯಾಂಡಲ್ ಹೊಡೆಯುವವರಿಗೆ ಇನ್ನೊಂದು ಮಾತು. ಅಡ್ವಾನ್ಸ್ ಹೆಚ್ಚಿದ್ದರೆ ಹ್ಯಾಂಡಲ್ ಇಂದಿಗೂ ತಿರುಗಿ ಒದೆಯುತ್ತದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಒತ್ತಬಾರದು.

ಮಳೆಗಾಲ

ಪತ್ತನಾಜೆ ಕಳೆದು ಮಳೆ ಹಿಡಿದರೆ ಟೈಮಿಂಗ್ ತಪ್ಪಿದೆ ಎಂದು ಬರುವ ಗಾಡಿಗಳಲ್ಲಿ ಹಲವಕ್ಕೆ ಟೈಮಿಂಗಿನ ರೋಗವೇ ಇರುವುದಿಲ್ಲ. ಮುಚ್ಚಳದೊಳಗೆ ತೇವ ಕಟ್ಟಿ ಕಿಡಿ ದಾರಿತಪ್ಪಿರುತ್ತದೆ. ಮುಚ್ಚಳವನ್ನು ತಿರುಗಿಸಿ ಬೆಳಕಿಗೆ ಹಿಡಿದರೆ ಒಂದು ಕಂಬಿಯಿಂದ ಇನ್ನೊಂದಕ್ಕೆ ಪೆನ್ಸಿಲಿನಲ್ಲಿ ಎಳೆದಂತೆ ಸಣ್ಣ ಕಪ್ಪು ಗೆರೆ ಕಾಣಬಹುದು. ಅದು ಕಿಡಿ ಹರಿದು ಸುಟ್ಟ ದಾರಿ. ಗೆರೆ ಬಿದ್ದ ಮುಚ್ಚಳ ಒರಸಿದರೆ ಸರಿಹೋಗದು, ಬದಲಾಯಿಸಲೇಬೇಕು. ಗೆರೆ ಇಲ್ಲದಿದ್ದರೆ ಒಣಬಟ್ಟೆಯಲ್ಲಿ ಒರಸಿ, ನಡುವಿನ ಇದ್ದಿಲ ಕಡ್ಡಿ ಸ್ಪ್ರಿಂಗಿನ ಮೇಲೆ ಆಡುತ್ತದೆಯೇ ನೋಡಿ, ವಯರುಗಳ ರಬ್ಬರ್ ಟೊಪ್ಪಿ ಬಿಗಿಯಾಗಿ ಕೂರಿಸಿದರೆ ಆಯಿತು. ಮುಚ್ಚಳ ತೆಗೆಯುವ ಮೊದಲೇ ಡಿಸ್ಟ್ರಿಬ್ಯೂಟರ್ ತಿರುಗಿಸುವ ಅಭ್ಯಾಸ ಮಳೆಗಾಲದ ಆಟಿ ತಿಂಗಳಿನಲ್ಲಿ ಅನೇಕ ಸರಿಯಾದ ಟೈಮಿಂಗುಗಳನ್ನು ಕೆಡಿಸಿದೆ.

ಉಳಿದಿರುವ ಗಾಡಿಗಳು

ಈ ಭಾಗದ ಡಿಸ್ಟ್ರಿಬ್ಯೂಟರುಗಳನ್ನು ಮೊದಲು ಕಡಿಮೆ ಮಾಡಿದ್ದು ಡೀಸೆಲ್. ಕಿಡಿಯೇ ಬೇಡದ ಡೀಸೆಲ್ ಎಂಜಿನ್ ಅಂಬಾಸಿಡರಿಗೂ ಜೀಪಿಗೂ ಬಂದ ಮೇಲೆ ಬಾಡಿಗೆ ಕಾರುಗಳೂ, ಬೆಳ್ತಂಗಡಿಯ ಒಳಊರುಗಳಿಗೆ ಓಡುವ ಸರ್ವಿಸ್ ಜೀಪುಗಳೂ ಅದರ ಕಡೆಗೇ ವಾಲಿದವು. 1983ರಲ್ಲಿ ಬಂದ ಮಾರುತಿ 800ರಲ್ಲಿ ಡಿಸ್ಟ್ರಿಬ್ಯೂಟರ್ ಇತ್ತು. ಮೂರು ಸಿಲಿಂಡರಿನ ಆ ಎಂಜಿನ್ನಿಗೆ ಸರದಿ 1-3-2. ಇಂಜೆಕ್ಷನ್ ಎಂಜಿನ್ನುಗಳ ಜೊತೆ ಕಿಡಿಯ ಲೆಕ್ಕ ಕಂಪ್ಯೂಟರಿಗೆ ಹೋಯಿತು. ಪದ್ಮಿನಿಯ ತಯಾರಿಕೆ ಶತಮಾನದ ತಿರುವಿನ ಹೊತ್ತಿಗೆ ನಿಂತಿತು, ಅಂಬಾಸಿಡರಿನದು 2014ರಲ್ಲಿ. ಈಗ ಹಲವರು ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕಿಸುತ್ತಾರೆ. ಗ್ಯಾಪ್ ಸವೆಯುವ ತೊಂದರೆ ಅದರಿಂದ ತಪ್ಪುತ್ತದೆ, ಆದರೆ ತೂಕ, ಪೊರೆ, ಟೈಮಿಂಗ್ ಮೂರೂ ಹಳೆಯ ರೀತಿಯಲ್ಲೇ ಉಳಿಯುತ್ತವೆ.

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಹಳೆಯ ಕಾರುಗಳ ಸಂಗ್ರಹಾಲಯವಿದೆ. ದೇವರ ದರ್ಶನಕ್ಕೆ ಬಂದವರು ಅಲ್ಲಿಗೂ ಹೋಗಿ ಕಾರುಗಳ ಮೈಬಣ್ಣ, ದೀಪ, ಗಾಲಿಗಳನ್ನು ನೋಡಿ ಬರುತ್ತಾರೆ. ಇಂಥ ಕಾರುಗಳ ಬಾನೆಟ್ಟಿನ ಕೆಳಗೆ ಈ ಲೇಖನ ಹೇಳಿದ ಚರಿತ್ರೆಯೆಲ್ಲ ಇದೆ.

ಸಂಗ್ರಹಾಲಯದ ಕಾರಿರಲಿ, ಮನೆಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದ ಫಿಯೆಟ್ ಇರಲಿ, ಒಂದು ಮಳೆಗಾಲ ನಿಂತಲ್ಲೇ ನಿಂತರೆ ಪಾಯಿಂಟಿನ ಮುಖದ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಕರೆಂಟ್ ಹರಿಯದೆ ಕಿಡಿ ಏಳುವುದಿಲ್ಲ. ಹೀಗೆ ನಿಂತ ಗಾಡಿಯ ಟೈಮಿಂಗ್ ಮುಟ್ಟುವ ಮೊದಲು ಒಣ ಕಾಗದದ ಪಟ್ಟಿಯೊಂದನ್ನು ಪಾಯಿಂಟಿನ ನಡುವೆ ಕಚ್ಚಿಸಿ ಎರಡು ಸಲ ಎಳೆಯಬೇಕು. ಕಾಗದದ ಮೇಲೆ ಬೂದುಬಣ್ಣದ ಗೆರೆ ಮೂಡುತ್ತದೆ. ಗೆರೆ ಮೂಡದೆ ಕಾಗದ ಚೊಕ್ಕಟವಾಗಿ ಬರುವವರೆಗೆ ಎಳೆದು, ಆಮೇಲೆ ಕೀ ತಿರುಗಿಸಬೇಕು.